ಏಸಾವನ ಗೋರಿಯ ಬಟ್ಟಲು

ಹಳದಿ ಅಂಗಿ ತೊಟ್ಟು ಬಂದದ್ದೇ ಆ ಹೆಂಗಸು ಮಾಡಿದ ಮೊದಲ ತಪ್ಪು. ಗೆಡ್ಡಿಸ್ ಮನೆತನದವರು ವರ್ಷಕ್ಕೊಮ್ಮೆ ದ್ವೀಪದಲ್ಲಿ ಸೇರುವಾಗ ಎಲ್ಲರೂ ಒಂದೇ ಬಣ್ಣದ ಅಂಗಿ ತೊಡುವುದು ರೂಢಿ. ಈ ಸಲ ಹಳದಿ ಎಂದು ಗೊತ್ತಿದ್ದದ್ದು ಮನೆಯವರಿಗೆ ಮಾತ್ರ. ಅಂಥದ್ದರಲ್ಲಿ ಯಾರೂ ಕಂಡರಿಯದವಳೊಬ್ಬಳು ಉತ್ತರದ ರಾಜ್ಯದ ನಂಬರಿನ ಕಾರಿನಿಂದ ಇಳಿದು, ಹಳದಿ ಅಂಗಿಯಲ್ಲೇ ಓಕ್ ಮರದ ಕೆಳಗೆ ನಿಂತು ಎಲ್ಲರತ್ತ ಕೈ ಬೀಸಿದರೆ ಅನುಮಾನ ಬರದೆ ಇನ್ನೇನು ಬಂದೀತು? ಬೆಂಡೆಕಾಯಿ ಹೆಚ್ಚುತ್ತಿದ್ದ ಲುವೀನಿಯಾ ಚಾಕು ಹಿಡಿದುಕೊಂಡೇ ಎದ್ದಳು.

"ಅಕ್ಕಾ, ಚಾಕು ಕೆಳಗಿಡೇ. ಊಟಕ್ಕೆ ಬಂದೋರನ್ನೇ ಹೆಚ್ಚಿಹಾಕ್ಬಿಟ್ಟೀಯ," ಎಂದ ಅವಳ ತಮ್ಮ ಹೆಜೆಕಾಯ. ಸೀಗಡಿ ದೋಣಿಯಲ್ಲಿ ಆಯುಷ್ಯ ಕಳೆದ ಅವನಿಗೆ ಎಲ್ಲವೂ ತಮಾಷೆಯೇ.

"ನೀನು ಸುಮ್ನಿರೋ. ಹಳದಿ ಅಂತ ಅವಳಿಗೆ ಯಾರು ಹೇಳಿದ್ರೋ?"

ಹೆಜೆಕಾಯನ ಮುಖದ ನಗು ಅರ್ಧಕ್ಕೇ ನಿಂತಿತು.

ಲುವೀನಿಯಾ ಸುಮ್ಮಸುಮ್ಮನೆ ಅನುಮಾನಪಡುವ ಹೆಂಗಸೇನಲ್ಲ, ಅವಳಿಗೆ ಕಾರಣವಿತ್ತು. ಕರಿಯರ ಗುಲಾಮಗಿರಿ ಹೋದಮೇಲೆ ಅವಳ ಮುತ್ತಜ್ಜ ಪ್ರಿನ್ಸ್ ಗೆಡ್ಡಿಸ್ ಬತ್ತದ ಗದ್ದೆಯಲ್ಲಿ ಮೈ ಮುರಿದು ದುಡಿದು ಕೊಂಡ ನೆಲ ಇದು. ಅವನು ಉಯಿಲು ಬರೆಯಲಿಲ್ಲ, ಅವನ ಮಕ್ಕಳೂ ಬರೆಯಲಿಲ್ಲ. ಕೋರ್ಟು, ವಕೀಲ ಎಂದರೆ ಬಿಳಿಯರ ಮನೆಯ ಬಾವಿ, ಇಳಿದವನು ಮೇಲೆ ಬರುವುದಿಲ್ಲ ಎಂದು ಅವರ ಗಟ್ಟಿ ನಂಬಿಕೆ. ಹಾಗಾಗಿ ಪ್ರಿನ್ಸನ ರಕ್ತದವರು ಎಷ್ಟು ಮಂದಿಯೋ ಅಷ್ಟೂ ಮಂದಿಯದು ಈ ನೆಲ, ಗೆರೆ ಎಳೆಯದ ಪಾಲು. ಹಿಂದಿನವರಿಗೆ ಇದು ಭದ್ರ ಕೋಟೆಯಂತೆ ಕಂಡಿರಬೇಕು. ಎಲ್ಲರದೂ ಆದ ನೆಲವನ್ನು ಯಾರು ತಾನೇ ಮಾರಿಯಾರು ಎಂದುಕೊಂಡರು, ಪಾಪ!

ಮಾರಿದರು. ಹಳ್ಳದ ಆಚೆಯ ಚಿಸಮ್ ಮನೆತನದಲ್ಲಿ, ಯಾರೂ ಮುಖ ನೋಡಿರದ ಒಬ್ಬ ದೂರದ ಸಂಬಂಧಿ ತನ್ನ ಚೂರು ಪಾಲನ್ನು ರೆಸಾರ್ಟ್ ಕಂಪನಿಯೊಂದಕ್ಕೆ ಮಾರಿದ. ಆ ಚೂರು ಹಿಡಿದುಕೊಂಡು ಕಂಪನಿ ಕೋರ್ಟಿಗೆ ಹೋಯಿತು, ಪಾಲು ಮಾಡಲಾಗದ ನೆಲ ಎಂದು ಇಡೀ ಆಸ್ತಿ ಹರಾಜಾಯಿತು. ಈಗ ಅಲ್ಲಿ ಗಾಲ್ಫ್ ಆಡುತ್ತಾರೆ. ಚಿಸಮ್ ಮನೆಯವರು ತಮ್ಮ ತಾಯಿಯ ಗೋರಿಗೆ ಹೂವಿಡಬೇಕಾದರೆ ಗೇಟಿನಲ್ಲಿ ಹೆಸರು ಬರೆಸಿ ಚೀಟಿ ತೆಗೆದುಕೊಳ್ಳಬೇಕು. ಅದೇ ಕಂಪನಿ ಈಗ ಗೆಡ್ಡಿಸ್ ನೆಲದ ಮೇಲೆ ಕಣ್ಣು ಹಾಕಿದೆ ಎಂದು ದ್ವೀಪಕ್ಕೆಲ್ಲ ಗೊತ್ತು.

ಲುವೀನಿಯಾ ಆ ಹೆಂಗಸಿನ ಎದುರು ಹೋಗಿ ನಿಂತಳು. ಮನೆತನದಲ್ಲಿ ಯಾರು ಯಾರ ಮಗ, ಯಾರು ಯಾರನ್ನು ಕಟ್ಟಿಕೊಂಡರು, ಯಾವ ಕೂಸು ತೊಟ್ಟಿಲಲ್ಲೇ ಹೋಯಿತು, ಎಲ್ಲ ಅವಳ ನಾಲಗೆಯ ತುದಿಯಲ್ಲಿತ್ತು. ಅವಳು ಹೌದೆಂದರೆ ನೆಂಟರು, ಅಲ್ಲವೆಂದರೆ ಅಲ್ಲ.

"ನೀನು ಯಾರ ಮಗಳಮ್ಮ?"

"ನನ್ನ ಹೆಸರು ಡೆಲ್ಫೀನ್, ಅಕ್ಕ. ವಿಲ್ಲಿಸ್ ಅವರ ಒಬ್ಬಳೇ ಮಗಳು."

"ಯಾವ ವಿಲ್ಲಿಸ್ಸು?"

"ಏಸಾವ ಗೆಡ್ಡಿಸ್ ಅವರ ಒಬ್ಬನೇ ಮಗ ವಿಲ್ಲಿಸ್."

ಲುವೀನಿಯಾಗೆ ನಗು ಬಂತು. ಪ್ರಿನ್ಸನಿಗೆ ಇಬ್ಬರೇ ಮಕ್ಕಳು, ಇಬ್ಬರೂ ಗಂಡು. ದೊಡ್ಡವನು ಕೇಟೋ, ಲುವೀನಿಯಾಳ ಅಜ್ಜ. ಚಿಕ್ಕವನು ಏಸಾವ. ಇಲ್ಲಿ ನೆರೆದವರೆಲ್ಲ ಕೇಟೋನ ಸಂತಾನ, ಯಾಕೆಂದರೆ ಏಸಾವ ಮದುವೆಯಾಗುವ ಮೊದಲೇ ಹಳ್ಳದಲ್ಲಿ ಮುಳುಗಿ ಸತ್ತಿದ್ದ.

"ಸತ್ತ ಮೇಲೆ ಹೋಗಿ ಮಗನ್ನ ಹುಟ್ಟಿಸಿದ್ನೇನಮ್ಮ? ಭಾರಿ ಗಟ್ಟಿಗ ಬಿಡು ನಮ್ಮ ಚಿಕ್ಕಜ್ಜ," ಎಂದಳು. ಸುತ್ತ ನಿಂತವರು ಗೊಳ್ಳೆಂದರು.

ಡೆಲ್ಫೀನ್ ನಗಲಿಲ್ಲ. "ಅಜ್ಜ ಮುಳುಗಲಿಲ್ಲ ಅಕ್ಕ. ಹೆಸರು ಬದಲಾಯಿಸ್ಕೊಂಡು ಫಿಲಡೆಲ್ಫಿಯಾದಲ್ಲಿದ್ರು. ನನ್ನನ್ನ ಎತ್ತಿ ಆಡ್ಸಿದ್ದಾರೆ. ಊರಲ್ಲಿ ನನ್ನದೊಂದು ಗೋರಿ ಇದೆ, ನಮ್ಮಣ್ಣನೇ ಹೂತಿದ್ದು ಅಂತ ಹೇಳಿ ಹೇಳಿ ನಗೋರು."

ಕತೆ ಚೆನ್ನಾಗಿದೆ ಎಂದುಕೊಂಡಳು ಲುವೀನಿಯಾ. ಇಂಥ ಕತೆ ಹೆಣೆಯಲು ಕಂಪನಿಯವರಿಗೆ ಎಷ್ಟು ಹೊತ್ತು ಬೇಕು? ಏಸಾವ ಮೊದಲ ಮಹಾಯುದ್ಧ ಮುಗಿಸಿ ಸಮವಸ್ತ್ರದಲ್ಲಿ ಊರಿಗೆ ಬಂದದ್ದು, ಕರಿಯನಿಗೆ ಇದ್ಯಾಕೆ, ಬಿಚ್ಚು ಎಂದ ಬಿಳಿಯ ಅಂಗಡಿಯವನ ಕೆನ್ನೆಗೆ ಬಾರಿಸಿದ್ದು, ರಾತ್ರಿ ಬಂದೂಕು ನಾಯಿ ಸಮೇತ ಜನ ಹುಡುಕಿಬಂದದ್ದು, ಬೆಳಗಾದಾಗ ಅವನ ದೋಣಿ ಮಗುಚಿ ತೇಲುತ್ತಿದ್ದದ್ದು, ಇವೆಲ್ಲ ದ್ವೀಪದ ಯಾವ ಮುದುಕನನ್ನು ಕೇಳಿದರೂ ಹೇಳುತ್ತಾನೆ. ಹೆಣ ಸಿಕ್ಕಿದ್ದು ಕೇಟೋಗೆ. ಗುರುತು ಸಿಗದಷ್ಟು ಕೊಳೆತಿದೆ ಎಂದು ಯಾರನ್ನೂ ಹತ್ತಿರ ಬಿಡದೆ ಅವನೇ ಹೂತ. ಗೋರಿ ಇದೆ, ಗೋರಿಯ ಮೇಲೆ ಕಲ್ಲಿದೆ. ಇನ್ನೇನು ಬೇಕು?

ಬ್ಯೂಲಾ ಹತ್ತಿರ ಬಂದು ಕಿವಿಯಲ್ಲಿ ಪಿಸುಗುಟ್ಟಿದಳು. ಲುವೀನಿಯಾಳ ಚಿಕ್ಕಪ್ಪನ ಮಗಳು ಅವಳು, ಬಾಯಿ ಸ್ವಲ್ಪ ಜೋರು. "ಅಕ್ಕ, ಅವಳ ಮೊಬೈಲ್ ನೋಡಿದ್ಯಾ? ಬಂದಾಗಿಂದ ಬರೀ ಫೋಟೋ ಹೊಡೀತಿದ್ದಾಳೆ. ಮನೆ, ಹಳ್ಳ, ದಾರಿ, ಎಲ್ಲಾ."

"ನಾನೂ ನೋಡ್ತಾನೇ ಇದ್ದೀನಿ ಕಣೇ."

ಮನೆಗೆ ಬಂದವರನ್ನು ಊಟಕ್ಕೆ ಮುಂಚೆ ಓಡಿಸುವುದು ಗೆಡ್ಡಿಸ್ ಮನೆಯಲ್ಲಿಲ್ಲ. ಅದಕ್ಕೆ ಲುವೀನಿಯಾ ಬೇರೆ ದಾರಿ ಹಿಡಿದಳು. ಊಟಕ್ಕೆ ಮುಂಚೆ ಎಲ್ಲರೂ ಸೇರಿ ಹಿರಿಯರ ಗೋರಿ ಗುಡಿಸುವುದು ವಾಡಿಕೆ. ಅಲ್ಲಿಗೆ ಇವಳನ್ನೂ ಕರೆದೊಯ್ದು ಏಸಾವನ ಗೋರಿ ತೋರಿಸಿ, ನಾಲ್ಕು ಜನರೆದುರಿಗೆ ಬಾಯಿ ಮುಚ್ಚಿಸಿ, ಒಂದು ತಟ್ಟೆ ಟೊಮೆಟೊ ಹಾಕಿದ ಕೆಂಪನ್ನ, ಕರಿದ ಮೀನು ಕೊಟ್ಟು ಕಾರು ಹತ್ತಿಸಿದರಾಯಿತು ಎಂದು ಲೆಕ್ಕ ಹಾಕಿದಳು.

ಗೋರಿಗಳಿದ್ದದ್ದು ಹಳ್ಳದ ಅಂಚಿನ ತೋಪಿನಲ್ಲಿ. ನೋಡಿದವರಿಗೆ ಅದು ಹಳೆಯ ಪಾತ್ರೆಗಳ ಸಂತೆಯಂತೆ ಕಾಣುತ್ತದೆ. ಸತ್ತವರು ಕೊನೆಗೆ ಉಂಡ ತಟ್ಟೆ, ಕುಡಿದ ಲೋಟ, ಹಚ್ಚಿದ ದೀಪ ಎಲ್ಲವನ್ನೂ ಅವರ ಗೋರಿಯ ಮೇಲೆ ಇಡುತ್ತಾರೆ. ಆದರೆ ಒಡೆದು ಇಡಬೇಕು. ಒಡೆಯದೆ ಇಟ್ಟರೆ ಸತ್ತವನಿಗೂ ಮನೆಗೂ ನಡುವಿನ ಕೊಂಡಿ ಕಳಚುವುದಿಲ್ಲ, ಅವನು ಮನೆಯವರನ್ನು ಒಬ್ಬೊಬ್ಬರನ್ನಾಗಿ ತನ್ನ ಹಿಂದೆಯೇ ಕರೆದುಕೊಳ್ಳುತ್ತಾನೆ. ಅದೇ ರೀತಿ ಬದುಕಿರುವವನ ಬಟ್ಟಲನ್ನು ಗೋರಿಯ ಕಲ್ಲಿಗೆ ತಾಗಿಸಿ ಒಡೆದರೆ ಅವನ ಸಾವನ್ನು ಕೂಗಿ ಕರೆದಂತೆ. ಕೇಟೋ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹೆಂಡತಿ ಸತ್ತಾಗ ಅವಳ ಕನ್ನಡಕದ ಎರಡು ಗಾಜನ್ನೂ ಬಿಡದೆ ಒಡೆದಿದ್ದನಂತೆ.

ಏಸಾವನ ಗೋರಿ ಎಲ್ಲಕ್ಕಿಂತ ಆಚೆ, ನೀರಿನ ಪಕ್ಕ. ಮುಳುಗಿ ಸತ್ತವನ ಜಾಗ, ಹೆಂಗಸರು ಮಕ್ಕಳು ಹೋಗಬಾರದು, ಜ್ವರ ಬರುತ್ತದೆ ಎಂದು ಕೇಟೋ ಯಾರನ್ನೂ ಅಲ್ಲಿಗೆ ಬಿಡುತ್ತಿರಲಿಲ್ಲ. ಅವನು ಹೋದಮೇಲೂ ಆ ಹೆದರಿಕೆ ಉಳಿಯಿತು. ಗಂಡಸರು ಯಾರಾದರೂ ದೂರದಿಂದ ಎಲೆ ಕೆರೆದು ಬಂದುಬಿಡುತ್ತಿದ್ದರು.

"ಬಾ, ನಿಮ್ಮಜ್ಜನ್ನ ತೋರಿಸ್ತೀನಿ," ಎಂದು ಲುವೀನಿಯಾ ಆ ಹೆದರಿಕೆ ಬದಿಗಿಟ್ಟು ಗುದ್ದಲಿ ಹಿಡಿದು ಮುಂದೆ ನಡೆದಳು. ಬೇರೆಯವರು ತಮ್ಮ ತಮ್ಮ ಗೋರಿಗಳ ಹತ್ತಿರ ನಿಂತು ಕತ್ತು ಚಾಚಿ ನೋಡುತ್ತಿದ್ದರು.

ಡೆಲ್ಫೀನ್ ಕಲ್ಲಿನ ಮೇಲೆ ಕೆತ್ತಿದ ಹೆಸರು ನೋಡಿದಳು. ಮತ್ತೆ ಫೋಟೋ ತೆಗೆದಳು. ಆಮೇಲೆ ನಾಲ್ಕು ಹೆಜ್ಜೆ ಆಚೆ ಹೋಗಿ ಹಳ್ಳದ ಕಡೆ ಮುಖ ಮಾಡಿ ನಿಂತಳು. ಅವಳು ಕಣ್ಣು ಒರೆಸಿಕೊಂಡಂತೆ ಕಂಡಿತು. ನಾಟಕ ಎಂದುಕೊಂಡಳು ಲುವೀನಿಯಾ.

"ಬರೀ ಕಲ್ಲಲ್ಲ ಕಣಮ್ಮ. ಅವನ ಒಡೆದ ಬಟ್ಟಲೂ ಇಲ್ಲೇ ಇದೆ. ತೋರಿಸ್ತೀನಿ ತಾಳು."

ಮರಳಿನಲ್ಲಿ ಬೋರಲಾಗಿ ಹೂತುಹೋಗಿದ್ದ ಪಿಂಗಾಣಿ ಬಟ್ಟಲಿನ ತಳ ಮಾತ್ರ ಕಾಣುತ್ತಿತ್ತು. ಲುವೀನಿಯಾ ಮಂಡಿಯೂರಿ ಸುತ್ತಲಿನ ಮರಳು ಬಗೆದು ಅದನ್ನು ಎತ್ತಿ ಮಗುಚಿದಳು. ಮಣ್ಣು ಉದುರಿತು. ಅಂಚಿನ ಸುತ್ತ ಬೆರಳಾಡಿಸಿದಳು. ಎಲ್ಲಿಯೂ ಚೂರು ಎದ್ದಿರಲಿಲ್ಲ. ತಳ ತಟ್ಟಿ ನೋಡಿದಳು, ತೂತಿರಲಿಲ್ಲ. ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಈಗ ತಾನೇ ಅಂಗಡಿಯಿಂದ ತಂದಂತೆ ಬಟ್ಟಲು ಇಡಿಯಾಗಿ ಅವಳ ಅಂಗೈಯಲ್ಲಿ ಕೂತಿತ್ತು.

ಕನ್ನಡಕದ ಗಾಜನ್ನೂ ಬಿಡದ ಕೇಟೋ ಒಡಹುಟ್ಟಿದ ತಮ್ಮನ ಬಟ್ಟಲು ಒಡೆಯುವುದನ್ನು ಮರೆತನೇ? ಸಾಧ್ಯವೇ ಇಲ್ಲ. ಅಜ್ಜ ಒಡೆಯಲಿಲ್ಲ, ಯಾಕೆಂದರೆ ಒಡೆಯಲು ಅವನಿಗೆ ಧೈರ್ಯವಿರಲಿಲ್ಲ. ತಮ್ಮ ಬದುಕಿದ್ದ. ನಾಯಿ ಹಿಡಿದು ಬಂದವರಿಗೆ ಸತ್ತ ಎಂದು ತೋರಿಸಿ ಅವನನ್ನು ಉಳಿಸಿದ್ದ. ಅಲ್ಲಿಗೆ ಸರಿ. ಆದರೆ ಆ ಜನ ಸತ್ತು, ಆ ಅಂಗಡಿಯೂ ಮುಚ್ಚಿ, ಅಪಾಯ ಕಳೆದ ಮೇಲೂ ಅಜ್ಜ ಬಾಯಿ ಬಿಡಲಿಲ್ಲವಲ್ಲ! ಉಳಿಸಲು ಹೇಳಿದ ಸುಳ್ಳು ಆಮೇಲೆ ನುಂಗಲು ಅನುಕೂಲವಾಯಿತು. ತಮ್ಮನಿಲ್ಲ, ಅವನ ಪಾಲೂ ಇಲ್ಲ.

"ಸಿಕ್ತಾ ಅಕ್ಕ?" ಡೆಲ್ಫೀನ್ ಆ ಕಡೆ ನೋಡುತ್ತಲೇ ಕೇಳಿದಳು.

"ಇಲ್ಲಮ್ಮ. ಬೇರು ಹೆಣೆದುಕೊಂಡಿದೆ," ಎಂದುಬಿಟ್ಟಳು ಲುವೀನಿಯಾ. ಕೈ ತಾನಾಗಿಯೇ ಬಟ್ಟಲನ್ನು ಮತ್ತೆ ಬೋರಲು ಹಾಕಿ ಮರಳು ಎಳೆಯಿತು.

ಮೋಸಗಾತಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸಿತು ಅವಳಿಗೆ. ಮೋಸಗಾತಿಯನ್ನು ಓಡಿಸಬಹುದು. ನಿಜವಾದ ಮೊಮ್ಮಗಳನ್ನು ಏನು ಮಾಡುವುದು? ಇಬ್ಬರೇ ಮಕ್ಕಳಲ್ಲಿ ಒಬ್ಬನ ವಂಶ, ಅಂದರೆ ಅರ್ಧಕ್ಕರ್ಧ ಇವಳದು. ಇವಳು ಮಾರಿದಳೆಂದರೆ ಕಂಪನಿಗೆ ಚೂರಲ್ಲ, ಅರ್ಧ ನೆಲವೇ ಸಿಕ್ಕಿತು. ಹೇಳಿದರೆ ಎಲ್ಲರ ಮನೆ ಹೋಗಬಹುದು, ಹೇಳದಿದ್ದರೆ ತಾನೂ ಅಜ್ಜನ ಜೊತೆಗೇ ಕಳ್ಳಿ. ಬಟ್ಟಲಿನ ವಿಷಯ ಗೊತ್ತಿರುವವರು ತಾನಲ್ಲದೆ ಇನ್ನಾರೂ ಇಲ್ಲ.

ಗುದ್ದಲಿ ಊರಿ ಎದ್ದು ನೇರವಾಗಿಯೇ ಕೇಳಿದಳು. "ನಿಜ ಹೇಳು. ಯಾರು ಕಳಿಸಿದ್ದು ನಿನ್ನ?"

ಡೆಲ್ಫೀನ್ ತಿರುಗಿದಳು. "ಕಂಪನಿಯವನು."

"ನೋಡಿದ್ಯಾ! ನಂಗೊತ್ತಿತ್ತು!"

"ಪೂರ್ತಿ ಕೇಳಿ ಅಕ್ಕ. ಅಜ್ಜನ ಹೆಸರು ಹಾಕಿ ಇಂಟರ್ನೆಟ್ಟಲ್ಲಿ ಕೇಳಿದ್ದೆ, ಈ ಗೋರಿ ಯಾರಿಗಾದ್ರೂ ಗೊತ್ತಾ ಅಂತ. ವರ್ಷಗಟ್ಟಲೆ ಕೇಳ್ದೆ. ನೀವ್ಯಾರೂ ಜವಾಬು ಕೊಡಲಿಲ್ಲ, ಅವನೊಬ್ಬ ಕೊಟ್ಟ. ದ್ವೀಪ ಇಂಥದ್ದು, ಸೇರೋ ದಿನ ಇಂಥದ್ದು, ಹಳದಿ ಅಂಗಿ ಹಾಕ್ಕೊಂಡು ಹೋಗಿ ಅಂತ ಹೇಳಿದ್ದೂ ಅವನೇ, ಅಂಗಿ ಮಾರಿದ ಅಂಗಡೀಲಿ ಕೇಳಿ ತಿಳ್ಕೊಂಡಿದ್ನಂತೆ. ಏಸಾವ ಸತ್ತ ಅಂತ ಗೋರಿಕಲ್ಲಲ್ಲಿದೆ, ನೀವು ಮೊಮ್ಮಗಳು ಅಂತ ಆ ಹಿರಿಯಕ್ಕ ಒಪ್ಪಿದ್ರೆ ಅಥವಾ ಏನಾದ್ರೂ ಸಾಕ್ಷಿ ಸಿಕ್ಕಿದ್ರೆ ಪಾಲು ಮಾರೋ ಕಾಗದಕ್ಕೆ ಸಹಿ ಹಾಕಿ ಅಂದ. ನಾನಿನ್ನೂ ಹಾಕಿಲ್ಲ."

"ಹಾಕ್ತೀಯೋ?"

"ಗೊತ್ತಿಲ್ಲ. ಹಾಕಬೇಕು ಅಂತಾನೇ ಬಂದೆ. ಅಜ್ಜ ಎರಡು ಸಲ ಅಣ್ಣನಿಗೆ ಹೇಳಿಕಳಿಸಿದ್ರಂತೆ, ಬರಲಾ ಅಂತ. ಉತ್ತರವೇ ಬರಲಿಲ್ಲ. ಅವರನ್ನ ಬೇಡ ಅಂದ ನೆಲ ನನಗ್ಯಾಕೆ?"

ಬರಲಾ ಎಂದು ಕೇಳಿದ ಮನುಷ್ಯ ಪರದೇಶಿಯ ಹಾಗೆ ಬೇರೆ ಹೆಸರಿನಲ್ಲಿ ಸತ್ತ. ಅವನ ಬಟ್ಟಲು ಇವತ್ತಿಗೂ ಇಲ್ಲಿ ಇಡಿಯಾಗಿ ಕೂತಿದೆ. ಸತ್ತು ಇಷ್ಟು ವರ್ಷವಾದರೂ ಅವನಿಗೆ ಬಿಡುಗಡೆ ಮಾಡಿದವರಿಲ್ಲ. ಲುವೀನಿಯಾ ಮತ್ತೆ ಮಂಡಿಯೂರಿ ಬಟ್ಟಲನ್ನು ಕಿತ್ತು ತೆಗೆದು ಡೆಲ್ಫೀನಳ ಕೈಗಿಟ್ಟಳು.

"ಸುಳ್ಳು ಹೇಳ್ದೆ ಕಣಮ್ಮ. ಬೇರಿರಲಿಲ್ಲ. ನೋಡು, ಇದು ಒಡೆದಿಲ್ಲ. ಸತ್ತೋರದ್ದಾಗಿದ್ರೆ ನಮ್ಮಜ್ಜ ಒಡೀತಿದ್ದ. ನಿಮ್ಮಜ್ಜ ಬದುಕಿದ್ದ ಅಂತ ಅವನಿಗೆ ಗೊತ್ತಿತ್ತು. ನೀನು ನಮ್ಮವಳೇ." ಒಂದು ಕಲ್ಲನ್ನೂ ಎತ್ತಿ ಕೊಟ್ಟಳು. "ಈಗ ಒಡಿ. ಅವನ ರಕ್ತದವರೇ ಒಡೀಬೇಕು. ಅವನು ಮಲಗಲಿ."

ಡೆಲ್ಫೀನ್ ಬಟ್ಟಲನ್ನು ನೋಡಿದಳು, ಕಲ್ಲನ್ನು ನೋಡಿದಳು, ಆಮೇಲೆ ಲುವೀನಿಯಾಳನ್ನು ನೋಡಿದಳು. ಬಟ್ಟಲನ್ನು ಎದೆಗವಚಿಕೊಂಡು ಹಿಂದೆ ಸರಿದಳು.

"ಚೆನ್ನಾಗಿದೆ ಅಕ್ಕ ನಿಮ್ಮ ಉಪಾಯ! ಅಜ್ಜ ಬದುಕಿದ್ರು ಅನ್ನೋಕಿರೋದು ಇದೊಂದೇ ಸಾಕ್ಷಿ. ಇದನ್ನ ನನ್ನ ಕೈಯಿಂದಾನೇ ಒಡೆಸಿ, ನಾಳೆ ಕೋರ್ಟಲ್ಲಿ ಇವಳ್ಯಾರೋ ನಂಗೊತ್ತಿಲ್ಲ ಅಂತೀರಿ, ಅಲ್ವಾ?"

ದೇವರಾಣೆಗೂ ಅದು ಲುವೀನಿಯಾಗೆ ಹೊಳೆದಿರಲಿಲ್ಲ. ಅಥವಾ ಒಳಗೆಲ್ಲೋ ಹೊಳೆದಿತ್ತೋ? ತನ್ನ ಮೇಲೆ ತನಗೇ ಅನುಮಾನ ಬಂತು. ಬೆಳಿಗ್ಗೆಯಿಂದ ತಾನು ಇವಳನ್ನು ಹೇಗೆ ನೋಡಿದ್ದಳೋ ಈಗ ಇವಳು ತನ್ನನ್ನು ಹಾಗೆಯೇ ನೋಡುತ್ತಿದ್ದಾಳೆ. ನಂಬು ಎನ್ನಲು ಯಾವ ಬಾಯಿ?

ಅವಳು ತೋಪಿನ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದಳು. "ಹೆಜೆಕಾಯಾ! ಬ್ಯೂಲಾ! ಎಲ್ಲಾ ಬನ್ರೋ ಇಲ್ಲಿ! ಮಕ್ಕಳನ್ನೂ ಕರ್ಕೊಂಡು ಬನ್ನಿ!"

ಪೊರಕೆ ಗುದ್ದಲಿ ಹಿಡಿದ ಹಳದಿ ಅಂಗಿಗಳೆಲ್ಲ ಏಸಾವನ ಗೋರಿಯ ಸುತ್ತ ಬಂದು ನಿಂತವು. ಲುವೀನಿಯಾ ಒಂದನ್ನೂ ಮುಚ್ಚಿಡದೆ ಹೇಳಿದಳು. ಬಟ್ಟಲು ಇಡಿಯಾಗಿದ್ದದ್ದು, ತಾನು ಅದನ್ನು ಮರೆಮಾಚಿದ್ದು, ಕೇಟೋ ಮಾಡಿದ್ದು. "ಏಸಾವನಿಗೆ ವಿಲ್ಲಿಸ್, ವಿಲ್ಲಿಸ್‌ಗೆ ಇವಳು. ಅರ್ಧ ನೆಲ ಇವಳದು. ಎಲ್ಲಾರೂ ಕೇಳಿಸ್ಕೊಂಡ್ರಲ್ಲ? ನಾಳೆ ನಾನು ಸತ್ತರೂ ನೀವು ಹೇಳಬೇಕು."

ಹೆಜೆಕಾಯನ ಮುಖದಲ್ಲಿ ತಮಾಷೆ ಇರಲಿಲ್ಲ. "ಬುದ್ಧಿ ನೆಟ್ಟಗಿದೆಯೇನೇ ನಿಂಗೆ? ಯಾವಳೋ ಬಂದ್ಲು ಅಂತ ಹೆತ್ತೋರ ನೆಲಾನ ಬಾಯಿಂದಲೇ ಬರೆದುಕೊಡ್ತೀಯಲ್ಲ!"

ಬ್ಯೂಲಾ ಸೊಂಟದ ಮೇಲೆ ಕೈಯಿಟ್ಟಳು. "ಅಕ್ಕ, ಸುತ್ತುಬಳಸಿ ಯಾಕೆ? ನಿಂಗೆಷ್ಟು ಕೊಡ್ತೀನಿ ಅಂದ್ಲು, ಅದನ್ನ ಹೇಳು."

ಯಾರೂ ಬ್ಯೂಲಾಳನ್ನು ಗದರಲಿಲ್ಲ. ಹೆದ್ದಾರಿಯ ಪಕ್ಕ ಬಿಸಿಲಲ್ಲಿ ಕೂತು ಹುಲ್ಲಿನ ಬುಟ್ಟಿ ಹೆಣೆದು ಮಾರಿ, ಇಷ್ಟು ವರ್ಷ ಈ ನೆಲದ ತೆರಿಗೆ ಕಟ್ಟಿದವಳು ಲುವೀನಿಯಾ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಆದರೂ ಎಲ್ಲರೂ ಅವಳ ಬಾಯನ್ನೇ ನೋಡುತ್ತ ನಿಂತರು, ಅವಳೇನಂತಾಳೆ ಎಂದು. ಅವಳು ಗುದ್ದಲಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು, ಅಷ್ಟೇ.

ತನಗಾಗಿ ಅವಳು ಸ್ವಂತದವರ ಅನುಮಾನಕ್ಕೆ ಗುರಿಯಾದದ್ದನ್ನು ಡೆಲ್ಫೀನ್ ನೋಡಿದಳು. ಬಗ್ಗಿ ಬಟ್ಟಲನ್ನು ಗೋರಿಯ ಕಲ್ಲಿನ ಬುಡದಲ್ಲಿಟ್ಟಳು, ಲುವೀನಿಯಾ ಕೊಟ್ಟಿದ್ದ ಕಲ್ಲಿನಿಂದ ಹೊಡೆದಳು. ಮೊದಲ ಪೆಟ್ಟಿಗೆ ಸದ್ದಾಯಿತೇ ಹೊರತು ಒಡೆಯಲಿಲ್ಲ. ಇನ್ನೊಂದು ಹೊಡೆತಕ್ಕೆ ಮೂರು ಹೋಳಾಯಿತು. ಮುದುಕರು ರೂಢಿಯಂತೆ ಟೋಪಿ ತೆಗೆದರು.

"ನನ್ನ ಪಾಲು ಎಲ್ಲಿಂದ ಎಲ್ಲಿವರೆಗೆ ಅಕ್ಕ?" ಎಂದು ಕೇಳಿದಳು ಡೆಲ್ಫೀನ್.

ಎಲ್ಲರೂ ಸೆಟೆದು ನಿಂತರು. ನೋಡಿದ್ಯಾ ಎಂಬಂತೆ ಹೆಜೆಕಾಯ ಅಕ್ಕನ ಕಡೆ ಕಣ್ಣು ಬಿಟ್ಟ.

"ಇಲ್ಲಿಂದ ಅಲ್ಲಿಗೆ ಅಂತ ಇಲ್ಲ ಕಣಮ್ಮ," ಎಂದಳು ಲುವೀನಿಯಾ. "ನಾನು ನಿಂತಿರೋ ಜಾಗಾನೂ ನಿಂದೇ, ನೀನು ನಿಂತಿರೋದೂ ನಂದೇ. ನೀನೊಂದು ಸಹಿ ಹಾಕಿದ್ರೆ ನಾವಷ್ಟೂ ಜನ ಏಳಬೇಕು. ಇವರೂ ಏಳಬೇಕು," ಎಂದು ಗೋರಿಗಳ ಕಡೆ ಕೈ ತೋರಿಸಿದಳು. "ಅದಕ್ಕೇ ಬೆಳಿಗ್ಗೆಯಿಂದ ನಿನ್ನ ಕಂಡ್ರೆ ಅಷ್ಟು ಭಯ."

ಡೆಲ್ಫೀನ್ ಕೈಯ ಮಣ್ಣನ್ನು ಹಳದಿ ಅಂಗಿಗೇ ಒರೆಸಿಕೊಂಡಳು. ಕಲ್ಲಿನ ಮೇಲಿದ್ದ ಅಜ್ಜನ ಹೆಸರನ್ನು ಇನ್ನೊಮ್ಮೆ ನೋಡಿದಳು.

"ಹಾಗಾದ್ರೆ ಆ ಕಂಪನಿಯವನಿಗೆ ಹೇಳ್ತೀನಿ, ಕಲ್ಲಲ್ಲಿರೋದೇ ನಿಜ ಅಂತ. ಏಸಾವ ಇಲ್ಲೇ ಮುಳುಗಿ ಸತ್ತ, ಮಕ್ಕಳಿರಲಿಲ್ಲ. ನಾನು ಈ ಮನೆಗೆ ಯಾರೂ ಅಲ್ಲ ಅಂತ."

ಬೆಳಿಗ್ಗೆಯಿಂದ ಲುವೀನಿಯಾ ಅವಳ ಬಾಯಿಂದ ಹೊರಡಿಸಬೇಕೆಂದು ಕಾದಿದ್ದ ಮಾತು ಅದೇ. ಈಗ ಅದನ್ನು ಕೇಳಿ ಅವಳು ಗೋರಿಯ ಪಕ್ಕದಲ್ಲೇ ಕುಸಿದು ಕೂತು, ಅಷ್ಟು ಜನರೆದುರು ನಾಚಿಕೆ ಬಿಟ್ಟು ಅತ್ತಳು.